ಕಬಡ್ಡಿ ಆಟಗಾರನಿಗೆ ದೂರದ ಓಟವೆಷ್ಟು?

ಪುಣೆ ಜಿಲ್ಲೆಯ ರಾಂಜಣಗಾಂವವು ಅಷ್ಟವಿನಾಯಕ ಕ್ಷೇತ್ರಗಳಲ್ಲೊಂದಾದ ಮಹಾಗಣಪತಿಯ ನೆಲೆ. ದೊಡ್ಡ ಕೈಗಾರಿಕಾ ಪ್ರದೇಶವೂ ಹೌದು. ಇಂತಹ ಊರುಗಳಲ್ಲಿ ಪಾಳಿಯ ಮೇಲೆ ದುಡಿಯುತ್ತ ಕಬಡ್ಡಿಯಾಡುವ ಯುವಕನಿಗೆ ಅಭ್ಯಾಸಕ್ಕೆ ದಿನಕ್ಕೊಂದು ಗಂಟೆ ದೊರೆತರೆ ಹೆಚ್ಚು. ಅದನ್ನು ಪೂರ್ತಿಯಾಗಿ ದೂರದ ಓಟಕ್ಕೆ ವ್ಯಯಿಸುವುದು ಉಚಿತವೇ ಎಂಬುದು ವಿಚಾರಣೀಯ.

ಕಬಡ್ಡಿಯ ಒಂದು ದಾಳಿಗೆ ಇರುವ ಅವಧಿ 30 ಸೆಕೆಂಡು. ಅದರೊಳಗಿನ ಜಿಗಿತ, ತಿರುವು, ಹಿಡಿತಗಳಿಗೆ ಬೇಕಾಗುವುದು ಸ್ನಾಯುಗಳಲ್ಲಿ ಮೊದಲೇ ಸಂಗ್ರಹವಾಗಿರುವ, ಕೆಲವೇ ಸೆಕೆಂಡುಗಳಲ್ಲಿ ಬರಿದಾಗುವ ಶಕ್ತಿ. ಅದು ಮರಳಿ ತುಂಬುವುದು ಆಮ್ಲಜನಕದ ನೆರವಿನಿಂದ. ಹೃದಯ, ಶ್ವಾಸಕೋಶಗಳು ಸಮರ್ಥವಾಗಿದ್ದಷ್ಟೂ ಈ ಚೇತರಿಕೆ ಶೀಘ್ರವಾಗುವುದು. ತಲಾ 20 ನಿಮಿಷಗಳ ಎರಡು ಅವಧಿಗಳ ಪಂದ್ಯದಲ್ಲಿ ದೂರದ ಓಟವು ಫಲ ನೀಡುವುದು ಇಲ್ಲಿಯೇ.

ಆದರೆ ಅತಿಯಾದರೆ ಬಲಕ್ಕೆ ಕುಂದು. ಅಮೆರಿಕದ ರಾಬರ್ಟ್ ಹಿಕ್ಸನ್ 1980ರಲ್ಲಿ ಪ್ರಕಟಿಸಿದ 10 ವಾರಗಳ ಅಧ್ಯಯನದಲ್ಲಿ, ಬಲವರ್ಧನೆಯನ್ನೂ ದಮ್ಮಿನ ಅಭ್ಯಾಸವನ್ನೂ ಒಟ್ಟಿಗೆ ನಡೆಸಿದವರ ಕಾಲಿನ ಬಲವು ಮೊದಲು ಏರಿ, ಕೊನೆಯ ವಾರಗಳಲ್ಲಿ ಇಳಿಯಿತು. ದಮ್ಮು ಮಾತ್ರ ಕುಗ್ಗಲಿಲ್ಲ. ಅಂದರೆ ನಷ್ಟ ಏಕಮುಖವಾದುದು. (ಅವರದು ವಾರದಲ್ಲಿ ಐದಾರು ದಿನಗಳ ಕಠಿಣ ಕ್ರಮವಾಗಿತ್ತೆಂಬುದನ್ನು ಮರೆಯಬಾರದು.)

ಆದುದರಿಂದ ಇಂತಹ ಆಟಗಾರನಿಗೆ ವಾರಕ್ಕೆ ಎರಡು ಬಾರಿ ಅರ್ಧ ಗಂಟೆಯ ನಿಧಾನ ಓಟ ಸಾಕೆನ್ನಬಹುದು. ವೇಗದ ಓಟ, ಜಿಗಿತ, ಬೈಠಕ್‌ಗಳನ್ನು ಬೇರೆ ದಿನಗಳಲ್ಲಿ, ದೇಹ ದಣಿಯುವ ಮುನ್ನ ಮಾಡತಕ್ಕದ್ದು. ಎರಡೂ ಒಂದೇ ದಿನ ಅನಿವಾರ್ಯವಾದಲ್ಲಿ ಬಲದ ಅಭ್ಯಾಸ ಮೊದಲಾಗಲಿ. ನಡುವೆ ಕೆಲವು ಗಂಟೆಗಳ ಅಂತರವಿರಲಿ. ರಾತ್ರಿ ಪಾಳಿ ಮುಗಿದ ಮುಂಜಾನೆ ವೇಗದ ಅಭ್ಯಾಸವನ್ನು ಕೈಬಿಟ್ಟು ನಿದ್ರಿಸುವುದೇ ಲೇಸು.