ಶೆಟ್ಟಿಹಳ್ಳಿ ಚರ್ಚು ದ್ವೀಪವಾಗುವುದು ಯಾವಾಗ? ಹೇಮಾವತಿ ಹಿನ್ನೀರಿಗೆ ಹೊರಡುವ ಮುನ್ನ

ಹಾಸನದಿಂದ ಸುಮಾರು 20 ಕಿ.ಮೀ. ದೂರದ ಶೆಟ್ಟಿಹಳ್ಳಿಗೆ ಹೋಗಿಬಂದ ಇಬ್ಬರನ್ನು ಕೇಳಿ ನೋಡಿ. ಒಬ್ಬರು "ಚರ್ಚಿನ ಪಕ್ಕದಲ್ಲೇ ಬೈಕ್ ನಿಲ್ಲಿಸಿ ಫೋಟೊ ತೆಗೆದುಕೊಂಡೆವು" ಎನ್ನುತ್ತಾರೆ. ಇನ್ನೊಬ್ಬರು "ಪಕ್ಕಕ್ಕೆ ಹೋಗೋದೆಲ್ಲಿ ಬಂತು, ನೀರಿನ ಮೇಲೆ ಗೋಡೆಗಳ ತುದಿ ಮಾತ್ರ ಕಾಣ್ತಿತ್ತು" ಎನ್ನುತ್ತಾರೆ. ಇಬ್ಬರದೂ ನಿಜ. ಒಬ್ಬರು ಏಪ್ರಿಲ್‌ನಲ್ಲಿ ಹೋಗಿದ್ದರು, ಇನ್ನೊಬ್ಬರು ಸೆಪ್ಟೆಂಬರ್‌ನಲ್ಲಿ.

ಕಡಲಿನ ದ್ವೀಪ ನೋಡಲು ಹಾಸನ ಜಿಲ್ಲೆಯವರು ಉಡುಪಿಯವರೆಗೆ ಹೋಗಬೇಕು. ಆದರೆ ವರ್ಷದಲ್ಲಿ ಕೆಲವು ತಿಂಗಳು ಮಾತ್ರ ಇರುವ ಈ ದ್ವೀಪ ಮನೆ ಹಿತ್ತಿಲಲ್ಲೇ ಇದೆ. ಶೆಟ್ಟಿಹಳ್ಳಿ, ಗೊರೂರು, ಅರಕಲಗೂಡು, ರಾಮನಾಥಪುರ, ಹೊಳೆನರಸೀಪುರ, ಚನ್ನರಾಯಪಟ್ಟಣ ಎಲ್ಲವನ್ನೂ ಸೇರಿಸಿ ಎರಡು ದಿನದ ಪ್ರವಾಸವನ್ನು ಆರಾಮಾಗಿ ಮಾಡಬಹುದು. ಹೋಟೆಲ್ ಬುಕ್ ಮಾಡುವ ಮೊದಲು ನೋಡಬೇಕಾದದ್ದು ಒಂದು ಸಂಖ್ಯೆಯನ್ನು.

ಆ ಸಂಖ್ಯೆ 2,922. ಗೊರೂರಿನ ಹೇಮಾವತಿ ಅಣೆಕಟ್ಟಿನ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 2,922 ಅಡಿ. ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ 'ಜಲಾಶಯಗಳ ನೀರಿನ ಮಟ್ಟ' ಎಂದು ಚಿಕ್ಕ ಪಟ್ಟಿ ಬರುತ್ತದಲ್ಲ, ಅದರಲ್ಲಿ ಹೇಮಾವತಿಯ ಸಾಲು ಹುಡುಕಿ. ಇಂದಿನ ಮಟ್ಟ 2,922ಕ್ಕೆ ಹತ್ತಿರವಿದ್ದರೆ ಚರ್ಚಿನ ಸುತ್ತ ನೀರು. ಬಹಳ ಕೆಳಗಿದ್ದರೆ ಒಣನೆಲ, ದನ ಮೇಯುವ ಬಯಲು. ಸಾಮಾನ್ಯವಾಗಿ ಆಗಸ್ಟ್‌ನಿಂದ ಮೂರ್ನಾಲ್ಕು ತಿಂಗಳು ನೀರಿನ ನೋಟ, ಬೇಸಿಗೆಯಲ್ಲಿ ನೆಲದ ನೋಟ. ಮಳೆ ಕೈಕೊಟ್ಟ ವರ್ಷ ಈ ಲೆಕ್ಕ ತಲೆಕೆಳಗಾಗುತ್ತದೆ. ಅದಕ್ಕೇ ಕ್ಯಾಲೆಂಡರ್‌ಗಿಂತ ಆ ಪಟ್ಟಿಯನ್ನು ನಂಬುವುದು ಮೇಲು.

ಈ ಚರ್ಚನ್ನು 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದರು. ನೂರು ವರ್ಷಕ್ಕೂ ಹೆಚ್ಚು ಕಾಲ ಅದು ಒಂದು ಊರಿನ ಚರ್ಚಾಗಿತ್ತು. 1979ರಲ್ಲಿ ಅಣೆಕಟ್ಟು ಪೂರ್ಣಗೊಂಡು ಹಿನ್ನೀರು ಬಂತು. ಊರು ಬೇರೆಡೆಗೆ ಹೋಯಿತು, ಗೋಡೆಗಳು ಉಳಿದವು. ನಾವು 'ಮುಳುಗುವ ಚರ್ಚ್' ಎಂದು ಖುಷಿಯಿಂದ ಹೇಳುವ ಜಾಗ ಕೆಲವರಿಗೆ ಮುಳುಗಿದ ಊರು. ಅಲ್ಲಿ ಗಲಾಟೆ ಮಾಡುವಾಗ ಇದು ನೆನಪಿರಲಿ.

ಇಲ್ಲಿಗೆ ಹೋದರೆ ಖಂಡಿತ ಕೇಳಿಬರುವ ಮಾತು: "ಬೆಲ್ಲ, ಮೊಟ್ಟೆ ಹಾಕಿ ಗಾರೆ ಅರೆದು ಕಟ್ಟಿದ್ದಾರೆ, ಅದಕ್ಕೇ ನೀರಿನಲ್ಲಿದ್ದರೂ ಬಿದ್ದಿಲ್ಲ." ಹಿಂದಿನ ಕಾಲದಲ್ಲಿ ದಕ್ಷಿಣ ಭಾರತದ ಗಾರೆಗೆ ಬೆಲ್ಲ, ಅಳಲೆಕಾಯಿಯ ನೀರು, ಮೊಟ್ಟೆಯ ಬಿಳಿ ಸೇರಿಸುತ್ತಿದ್ದದ್ದು ನಿಜ. ಇವು ಗಾರೆಯನ್ನು ನಯಮಾಡಿ ಕೆಲಸಕ್ಕೆ ಅನುಕೂಲ ಮಾಡಿಕೊಡುತ್ತವೆ. ಆದರೆ ಗಟ್ಟಿತನ ಬರುವುದು ಸುಣ್ಣದಿಂದ. ಸುಣ್ಣದ ಕಲ್ಲನ್ನು ಸುಟ್ಟು ನೀರು ಹಾಕಿ ಅರಳಿಸಿದ ಸುಣ್ಣ, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ವರ್ಷಗಳ ಕಾಲ ನಿಧಾನವಾಗಿ ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ. ಅದರ ಜೊತೆ ಇಟ್ಟಿಗೆ ಪುಡಿ ಸೇರಿದ್ದರೆ ಒದ್ದೆಯಲ್ಲೂ ಗಟ್ಟಿಯಾಗುತ್ತದೆ. ಬೆಲ್ಲಕ್ಕೆ ಹೆಸರು, ಸುಣ್ಣಕ್ಕೆ ಕೆಲಸ!

ಆ ಮಾತಿನ ಎರಡನೇ ಭಾಗವೂ ಸರಿಯಲ್ಲ. ಚಾವಣಿ ಎಂದೋ ಹೋಗಿದೆ, ಗೋಡೆಗಳೂ ಸ್ವಲ್ಪಸ್ವಲ್ಪವಾಗಿ ಕುಸಿಯುತ್ತಿವೆ. ಹಳೆಯ ಗೋಡೆ ಸದಾ ನೀರಿನಲ್ಲೇ ಇದ್ದರೆ ಆಗುವ ಹಾನಿಗಿಂತ ಪ್ರತಿವರ್ಷ ನೆನೆದು ಒಣಗುವುದರಿಂದ ಆಗುವ ಹಾನಿ ಹೆಚ್ಚು. ನೆನೆದಾಗ ಇಟ್ಟಿಗೆ ನೀರಿನ ಜೊತೆ ಲವಣವನ್ನೂ ಹೀರುತ್ತದೆ. ಒಣಗಿದಾಗ ಆ ಲವಣ ಹರಳುಗಟ್ಟಿ ಒಳಗಿನಿಂದ ಒತ್ತಿ ಪದರ ಪದರವಾಗಿ ಉದುರಿಸುತ್ತದೆ. ಹಾಗಾಗಿ ಕಮಾನಿನ ಕೆಳಗೆ ಕೂತು ಬುತ್ತಿ ಬಿಚ್ಚುವುದು, ಗೋಡೆ ಹತ್ತಿ ಸೆಲ್ಫಿ ತೆಗೆಯುವುದು ಬೇಡ. ನೀರು ಇಳಿದ ಹೊಸತರಲ್ಲಂತೂ ದೂರದಿಂದಲೇ ನೋಡಿ.

ಈಗ ದಡದ ವಿಷಯ. ನೀರು ಇಳಿದ ಜಾಗ ಮೇಲೆ ಒಣಗಿ ಬಿರುಕು ಬಿಟ್ಟಿರುತ್ತದೆ, ಕೆಳಗೆ ಅಂಬಲಿಯಂಥ ಹೂಳು ಹಾಗೇ ಇರುತ್ತದೆ. ಕಾಲಿಟ್ಟಾಗ ಮೇಲಿನ ಹಪ್ಪಳ ಒಡೆದು ಮೊಣಕಾಲವರೆಗೆ ಇಳಿಯುತ್ತೀರಿ. (ನನ್ನ ಒಂದು ಚಪ್ಪಲಿ ಇಂದಿಗೂ ಹೇಮಾವತಿಯ ಹೂಳಿನಲ್ಲೇ ಇದೆ.) ಗಾಬರಿಯಿಂದ ಕಾಲು ಕಿತ್ತಷ್ಟೂ ಅಡಿಯಲ್ಲಿ ನಿರ್ವಾತ ಉಂಟಾಗಿ ಬಿಗಿಯಾಗುತ್ತದೆ. ಹಿಂದಕ್ಕೆ ವಾಲಿ ಕೂತು, ಕಾಲನ್ನು ಮೆಲ್ಲಗೆ ಅಲುಗಾಡಿಸಿ ಪಕ್ಕದಲ್ಲಿ ನೀರು ಇಳಿಯಲು ಬಿಟ್ಟು, ಒಂದೊಂದೇ ಕಾಲು ತೆಗೆಯಬೇಕು. ಕಾರನ್ನು ನೀರಿನ ಅಂಚಿನವರೆಗೆ ಇಳಿಸುವವರು ಟ್ರ್ಯಾಕ್ಟರ್ ಹುಡುಕಿಕೊಂಡು ಊರೊಳಗೆ ನಡೆಯಬೇಕಾಗುತ್ತದೆ.

ದಡದಲ್ಲಿ ಟೆಂಟ್ ಹಾಕುವ ಯೋಚನೆ ಇದ್ದವರು ಒಂದು ಲೆಕ್ಕ ಮಾಡಿ. ದಿನವಿಡೀ 11,574 ಕ್ಯೂಸೆಕ್ ಒಳಹರಿವು ಬಂದರೆ 1 ಟಿಎಂಸಿ ನೀರಾಗುತ್ತದೆ. ತುಂಬಿದ ಹೇಮಾವತಿ ಜಲಾಶಯದ ಹರವು ಸುಮಾರು 85 ಚದರ ಕಿ.ಮೀ. ಅಷ್ಟು ಅಗಲಕ್ಕೆ 1 ಟಿಎಂಸಿ ಹರಡಿದರೆ ಮಟ್ಟ ಏರುವುದು ಹೆಚ್ಚುಕಡಿಮೆ ಒಂದು ಅಡಿ. ಇಷ್ಟೇನಾ ಎನ್ನಬೇಡಿ. ನೂರು ಅಡಿಗೆ ಒಂದು ಅಡಿ ಇಳಿಜಾರಿರುವ ದಡದಲ್ಲಿ ಮಟ್ಟ ಒಂದು ಅಡಿ ಏರಿದರೆ ನೀರು ನೂರು ಅಡಿ ಮುಂದೆ ಬರುತ್ತದೆ. ಜೋರು ಮಳೆಯಲ್ಲಿ ಒಳಹರಿವು ಇದರ ಎರಡು ಮೂರು ಪಟ್ಟು ಇರುವುದೂ ಉಂಟು. ಸಂಜೆ 'ಸಾಕಷ್ಟು ದೂರ' ಎನಿಸಿದ ಟೆಂಟ್ ಬೆಳಿಗ್ಗೆ ನೀರಿನಲ್ಲಿರುತ್ತದೆ. ನಡುವಿನ ದಿಬ್ಬದ ಮೇಲೆ ಹಾಕಿದ್ದರೆ ನೀವೇ ದ್ವೀಪವಾಸಿಗಳು. ಹಾಸನದಲ್ಲೇ ಕೊಠಡಿ ಮಾಡಿ ಬೆಳಗ್ಗೆ ಬೇಗ ಹೊರಡುವುದು ನನ್ನ ಸಲಹೆ.

ತೆಪ್ಪ ಸಿಕ್ಕಿದರೆ ಹತ್ತುವ ಆಸೆ ಎಲ್ಲರಿಗೂ. ದುಂಡಗಿನ ತೆಪ್ಪಕ್ಕೆ ಮುಂದು ಹಿಂದು ಇಲ್ಲ, ತಳ ಚಪ್ಪಟೆ. ಶಾಂತ ನೀರಿನಲ್ಲಿ ಅದು ಗಟ್ಟಿ. ಆದರೆ ಎಲ್ಲರೂ ಫೋಟೊಗಾಗಿ ಒಂದೇ ಕಡೆ ವಾಲಿದರೆ ಮಗುಚುತ್ತದೆ. ಜೀವರಕ್ಷಕ ಜಾಕೆಟ್ ಇಲ್ಲದಿದ್ದರೆ, ಗಾಳಿ ಎದ್ದಿದ್ದರೆ ಹತ್ತಬೇಡಿ. "ನನಗೆ ಈಜು ಬರುತ್ತೆ" ಎಂಬ ಧೈರ್ಯ ಇಲ್ಲಿ ಹೆಚ್ಚು ಕೆಲಸಕ್ಕೆ ಬಾರದು. ಜಲಾಶಯದ ತಳದಲ್ಲಿ ಹೊಲದ ಬದು, ಬೇಲಿ, ಮರದ ಬೊಡ್ಡೆ, ಹಾಳುಬಾವಿ ಎಲ್ಲ ಇರಬಹುದು. ಮಣ್ಣುನೀರಿನಲ್ಲಿ ಒಂದೂ ಕಾಣುವುದಿಲ್ಲ. ಹೊಳೆ ಬಲಿ ಕೇಳುತ್ತದೆ ಎನ್ನುತ್ತಾರೆ. ಕಾಣದ ತಳವೇ ಅದರ ಹಿಂದಿರುವ ಕಾರಣ.

ಗೊರೂರಿನಲ್ಲಿ ಅಣೆಕಟ್ಟು, ಯೋಗಾನರಸಿಂಹ ದೇವಸ್ಥಾನ ನೋಡಿ. ಗೊರೂರು ರಾಮಸ್ವಾಮಿ ಅಯ್ಯಂಗಾರ್ (1904–1991) ಇದೇ ಊರಿನವರು. ಅಣೆಕಟ್ಟಿಗೆ ಮೊದಲಿನ ಹೊಳೆಯನ್ನು ಬಲ್ಲವರು. ಇಲ್ಲಿಂದ ಕೆಳಗೆ ಅಪಾಯದ ಬಗೆ ಬದಲಾಗುತ್ತದೆ. ಹೇಮಾವತಿಗೆ ನೀರು ಬರುವುದು ಮೂಡಿಗೆರೆ, ಸಕಲೇಶಪುರ ಕಡೆಯ ಮಳೆಯಿಂದ. ಹೊಳೆನರಸೀಪುರದಲ್ಲಿ ಬಿಸಿಲು ಹೊಡೆಯುತ್ತಿರುವಾಗಲೇ ಘಟ್ಟದಲ್ಲಿ ಸುರಿದ ಮಳೆಗೆ ಕ್ರೆಸ್ಟ್ ಗೇಟ್ ತೆರೆದಿರಬಹುದು. 20,000 ಕ್ಯೂಸೆಕ್ ಎಂದರೆ ಸೆಕೆಂಡಿಗೆ 5.66 ಲಕ್ಷ ಲೀಟರ್. ಹರಿವಿನ ವೇಗ ಎರಡು ಪಟ್ಟಾದರೆ ಕಾಲಿನ ಮೇಲೆ ಅದು ಹಾಕುವ ಒತ್ತಡ ನಾಲ್ಕು ಪಟ್ಟು. ಮೊಣಕಾಲುದ್ದದ ನೀರು ದೊಡ್ಡವರನ್ನೂ ಕೆಡವುವುದು ಹೀಗೆ. ಹೊಳೆಯ ನಡುವಿನ ಬಂಡೆ ನೋಡಿ 'ಪುಟ್ಟ ದ್ವೀಪ' ಎಂದು ಹೋಗಿ ಕೂರುವವರು ಸಿಕ್ಕಿಬೀಳುವುದೂ ಹೀಗೆಯೇ. ಸೈರನ್ ಕೇಳಿದರೆ ಚಪ್ಪಲಿ, ಚೀಲ ಬಿಟ್ಟು ದಡಕ್ಕೆ ಬನ್ನಿ.

ಅರಕಲಗೂಡು ದಾಟಿ ರಾಮನಾಥಪುರಕ್ಕೆ ಬಂದರೆ ಹೊಳೆ ಬೇರೆ. ಇದು ಕಾವೇರಿ, ಇಲ್ಲಿನ ಮಟ್ಟ ಕೊಡಗಿನ ಮಳೆ ಮತ್ತು ಹಾರಂಗಿಯಿಂದ ಬಿಡುವ ನೀರನ್ನು ಅವಲಂಬಿಸಿದೆ. ಗೊರೂರಿನ ಗೇಟು ಮುಚ್ಚಿದೆ ಎಂದು ಇಲ್ಲಿ ನೀರಿಗಿಳಿಯುವುದು ತಪ್ಪು ಲೆಕ್ಕ. ವಹ್ನಿ ಪುಷ್ಕರಿಣಿಯ ಮಹಶೀರ್ ಮೀನುಗಳನ್ನು ಮೆಟ್ಟಿಲ ಮೇಲಿಂದಲೇ ನೋಡಬಹುದು. ದೇವರ ಮೀನು ಎಂದು ಹಿಡಿಯದೆ ಬಿಟ್ಟಿದ್ದರಿಂದಲೇ ಅವು ಈ ಗಾತ್ರಕ್ಕೆ ಬೆಳೆದಿವೆ. ಕಡಲೆಪುರಿ ಹಾಕಿ, ಪ್ಲಾಸ್ಟಿಕ್ ಕವರ್ ಕೈಯಲ್ಲೇ ಇರಲಿ.

ಇಷ್ಟೆಲ್ಲ ನೀರಿನ ನಡುವೆ ತಿರುಗುವಾಗ ಒಂದು ವಿಷಯ ತಿಳಿದಿರಲೇಬೇಕು. ಮುಳುಗುವವರು ಸಿನಿಮಾದಂತೆ ಕೂಗುವುದಿಲ್ಲ. ಉಸಿರಿಗೇ ಬಿಡುವಿಲ್ಲದಾಗ ಕೂಗು ಎಲ್ಲಿಂದ ಬರಬೇಕು? ಬಾಯಿ ನೀರಿನ ಮಟ್ಟದಲ್ಲಿ, ತಲೆ ಹಿಂದಕ್ಕೆ, ಸದ್ದಿಲ್ಲ. ನೀರಿಗೆ ಹಾರಬೇಡಿ. ಹಗ್ಗ, ಸೀರೆ, ಪಂಚೆ, ಮುಚ್ಚಳ ಬಿಗಿದ ಖಾಲಿ ಕ್ಯಾನ್ ಎಸೆಯಿರಿ. ಮೇಲೆ ತಂದ ಮೇಲೆ ಹೊಟ್ಟೆ ಒತ್ತುವುದು, ಕಾಲು ಹಿಡಿದು ತಲೆಕೆಳಗಾಗಿ ತಿರುಗಿಸುವುದು ನಮ್ಮ ಕಡೆ ಇನ್ನೂ ಇದೆ. ಇದರಿಂದ ಹೊಟ್ಟೆಯ ನೀರು ಶ್ವಾಸಕೋಶಕ್ಕೆ ಹೋಗುತ್ತದೆ, ಅಮೂಲ್ಯ ನಿಮಿಷಗಳು ಕಳೆಯುತ್ತವೆ. ಇನ್ನೊಂದು ಉಪ್ಪಿನ ಕಥೆ. ಉಪ್ಪಿನಲ್ಲಿ ಹೂತಿಟ್ಟರೆ ಮುಳುಗಿದವರು ಬದುಕುತ್ತಾರೆ ಎಂಬ ವಾಟ್ಸಾಪ್ ಸಂದೇಶ ನಂಬಿ 2022ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಒಬ್ಬ ಬಾಲಕನ ದೇಹವನ್ನು ಗಂಟೆಗಟ್ಟಲೆ ಉಪ್ಪಿನಲ್ಲಿಟ್ಟಿದ್ದರು. ಉಪ್ಪು ಚರ್ಮದ ಮೂಲಕ ಶ್ವಾಸಕೋಶದ ನೀರು ಎಳೆಯುವುದಿಲ್ಲ. ಎಳೆದರೂ ಪ್ರಯೋಜನವಿಲ್ಲ, ಏಕೆಂದರೆ ಜೀವ ಹೋಗುವುದು ಆಮ್ಲಜನಕ ಇಲ್ಲದೆ. ಉಸಿರಾಟ ನಿಂತಿದ್ದರೆ ಮೂಗು ಹಿಡಿದು ಬಾಯಿಂದ ಬಾಯಿಗೆ ಉಸಿರು ಕೊಡಿ, ಎದೆಯ ನಡುವೆ 30 ಬಾರಿ ಜೋರಾಗಿ, ವೇಗವಾಗಿ ಒತ್ತಿ, ಮತ್ತೆ 2 ಉಸಿರು. ನೆರವು ಬರುವವರೆಗೆ ನಿಲ್ಲಿಸಬೇಡಿ. ಅಷ್ಟರಲ್ಲಿ ಇನ್ನೊಬ್ಬರು 108 ಅಥವಾ 112ಕ್ಕೆ ಕರೆ ಮಾಡಲಿ.

ಅರಕಲಗೂಡಿಗೆ ಮರಳಿ ಹೊಳೆನರಸೀಪುರಕ್ಕೆ ಬಂದರೆ ಹೇಮಾವತಿಯ ದಡದಲ್ಲೇ ಲಕ್ಷ್ಮೀನರಸಿಂಹ ದೇವಸ್ಥಾನ. ಮುಂದೆ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಇದೇ ನೀರನ್ನು ಬಾಗೂರು–ನವಿಲೆ ಸುರಂಗ ಸುಮಾರು 10 ಕಿ.ಮೀ. ನೆಲದಡಿ ಸಾಗಿಸಿ ತುಮಕೂರಿನ ಕಡೆಗೆ ಕಳಿಸುತ್ತದೆ. ತುಮಕೂರಿನ ಕೆಲವರ ಮನೆಯ ನಲ್ಲಿಯಲ್ಲಿ ಬರುವುದು ಶೆಟ್ಟಿಹಳ್ಳಿಯ ಗೋಡೆ ಸವರಿ ಬಂದ ನೀರೇ. ಸುರಂಗದ ಬಾಯಿ, ಕಾಲುವೆ ಏರಿ ಈಜುವ ಜಾಗಗಳಲ್ಲ. ಕಾಂಕ್ರೀಟ್ ಹಾಕಿದ ಇಳಿಜಾರಿನಲ್ಲಿ ಪಾಚಿ ಕಟ್ಟಿರುತ್ತದೆ, ಬಿದ್ದವರಿಗೆ ಹಿಡಿದು ಹತ್ತಲು ಏನೂ ಸಿಗುವುದಿಲ್ಲ. ಸಮಯ ಉಳಿದರೆ ಶ್ರವಣಬೆಳಗೊಳದ ಬೆಟ್ಟ ಹತ್ತಿ, ಬರಿಗಾಲಲ್ಲಿ ಹತ್ತಬೇಕಾದ್ದರಿಂದ ಬೆಳಿಗ್ಗೆ ಎಂಟರೊಳಗೆ. ಮಧ್ಯಾಹ್ನದ ಹೊತ್ತಿಗೆ ಆ ಬಂಡೆ ರೊಟ್ಟಿ ಹಂಚಿನಂತೆ ಕಾದಿರುತ್ತದೆ.