ಒಂದೇ ಮೊಳದಲ್ಲಿ ಎಲ್ಲ ಚಿತ್ರಗಳನ್ನೂ ಅಳೆಯಬಹುದೇ?

ಬೆಂಗಳೂರು: ಶುಕ್ರವಾರ ಮಧ್ಯಾಹ್ನದೊಳಗೆ ಮೊದಲ ಪ್ರದರ್ಶನ ಮುಗಿಯುತ್ತದೆ, ಸಂಜೆಯೊಳಗೆ ವಿಮರ್ಶೆ ಹೊರಬೀಳುತ್ತದೆ. ಬರಹದ ತುದಿಯಲ್ಲಿ ಮೂರೋ ಮೂರೂವರೆಯೋ ನಕ್ಷತ್ರಗಳು. ಹೊಡೆದಾಟದ ಚಿತ್ರಕ್ಕೂ ಮೂರು, ಹಾಸ್ಯಕ್ಕೂ ಮೂರು, ಪ್ರೇಮಕಥೆಗೂ ಮೂರು. ಇವು ಮೂರೂ ಒಂದೇ ತೂಕದ ಚಿತ್ರಗಳೇ ಎಂದು ಓದುಗ ಕೇಳಿದರೆ ಬಹುತೇಕ ವಿಮರ್ಶೆಗಳಲ್ಲಿ ಉತ್ತರ ದೊರೆಯುವುದಿಲ್ಲ.

ಪ್ರಶ್ನೆ ಕೇವಲ ಅಭಿರುಚಿಯದಲ್ಲ. ನಾಲ್ವರ ಕುಟುಂಬವೊಂದು ಮಲ್ಟಿಪ್ಲೆಕ್ಸ್‌ಗೆ ಹೋಗಿಬಂದರೆ ಖರ್ಚು ಸಾವಿರ ರೂಪಾಯಿಯನ್ನು ಸಲೀಸಾಗಿ ದಾಟುತ್ತದೆ. ಮೊದಲ ಮೂರು ದಿನಗಳ ಗಳಿಕೆ ನೋಡಿ ಸೋಮವಾರದಿಂದ ಪ್ರದರ್ಶನಗಳನ್ನು ಕಡಿತಗೊಳಿಸುವ ಈ ಕಾಲದಲ್ಲಿ, ತಾರಾಬಲವಿಲ್ಲದ ಚಿತ್ರಕ್ಕೆ ವಾರಾಂತ್ಯದ ಮಾತೇ ಅಳಿವು ಉಳಿವಿನ ಮಾತು. ಆದ್ದರಿಂದ ವಿಮರ್ಶಕ ಯಾವ ಅಳತೆಗೋಲು ಹಿಡಿದಿದ್ದಾನೆ ಎಂಬುದು ಓದುಗನಿಗೂ ತಿಳಿದಿರಬೇಕಾಗುತ್ತದೆ.

ಪ್ರತಿ ಪ್ರಕಾರದ ಚಿತ್ರವೂ ಪ್ರೇಕ್ಷಕನಿಗೆ ಒಂದು ಮಾತು ಕೊಟ್ಟಿರುತ್ತದೆ. ಆ ಮಾತು ಏನು, ಚಿತ್ರ ಅದನ್ನು ಉಳಿಸಿಕೊಂಡಿತೇ ಎಂಬುದನ್ನು ಮೊದಲು ನೋಡಬೇಕು. 2022ರ ಏಪ್ರಿಲ್ 14ರಂದು ತೆರೆಕಂಡ ‘ಕೆಜಿಎಫ್ ಚಾಪ್ಟರ್ 2’ ಕೊಟ್ಟ ಮಾತು ವೈಭವದ್ದು. ಒಬ್ಬನೇ ನಾಯಕ ಇಡೀ ಪಡೆಯನ್ನು ಹೇಗೆ ಹೊಡೆದುರುಳಿಸಿದ ಎಂದು ಅಲ್ಲಿ ಕೇಳುವುದು ವ್ಯರ್ಥ. ಭುವನ್ ಗೌಡ ಅವರ ಮಸಿಬಣ್ಣದ ಛಾಯಾಗ್ರಹಣ, ರವಿ ಬಸ್ರೂರು ಅವರ ಸಂಗೀತದ ಅಬ್ಬರ, ಉಜ್ವಲ್ ಕುಲಕರ್ಣಿ ಅವರ ಚುರುಕಿನ ಸಂಕಲನ ಸೇರಿ ಆ ಮಾತನ್ನು ಉಳಿಸಿವೆ. ಆಕ್ಷೇಪವಿರುವುದು ಬೇರೆಡೆ. ರಾಕಿಗೆ ದೇಹಬಲದಲ್ಲಿ ಅಧೀರನಿದ್ದಾನೆ, ಬುದ್ಧಿಯಲ್ಲಿ ಸರಿಸಾಟಿಯಾಗಬಲ್ಲ ರಮಿಕಾ ಸೇನ್ ಮಾತ್ರ ತಡವಾಗಿ ಬರುತ್ತಾಳೆ.

ಅದೇ ವರ್ಷ ಸೆಪ್ಟೆಂಬರ್ 30ರಂದು ಬಂದ ‘ಕಾಂತಾರ’ದ ಮೊದಲರ್ಧ ಕಂಬಳ, ಕುಡಿತ, ಜಗಳಗಳ ಪರಿಚಿತ ಜಾಡಿನಲ್ಲೇ ಸಾಗುತ್ತದೆ. ಕೊನೆಯ ಇಪ್ಪತ್ತು ನಿಮಿಷಗಳಲ್ಲಿ ಅದು ಬೇರೆಯೇ ಚಿತ್ರವಾಗುತ್ತದೆ. ರಿಷಬ್ ಶೆಟ್ಟಿ ಅವರಿಗೆ 2024ರಲ್ಲಿ ಘೋಷಣೆಯಾದ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿಯ ಹಿಂದೆ ಆ ಇಪ್ಪತ್ತು ನಿಮಿಷಗಳ ಪಾಲು ದೊಡ್ಡದಿರಬೇಕು. ಆದರೆ ಲೀಲಾಳನ್ನು ಶಿವ ನಡೆಸಿಕೊಳ್ಳುವ ರೀತಿಗೆ ದೈವದ ಆವೇಶ ಸಮಜಾಯಿಷಿಯಾಗದು. ಹಲವು ವಿಮರ್ಶೆಗಳು ಇದನ್ನು ಹೇಳಲೇ ಇಲ್ಲ. 2025ರ ಅಕ್ಟೋಬರ್ 2ರಂದು ಬಂದ ‘ಕಾಂತಾರ ಚಾಪ್ಟರ್ 1’ ಕದಂಬರ ಕಾಲಕ್ಕೆ ಹೋಗಿ ದೃಶ್ಯವೈಭವದಲ್ಲಿ ಗೆದ್ದಿತು. ಊರೊಳಗಿನ ಆಪ್ತತೆ ಮಾತ್ರ ಮೊದಲ ಚಿತ್ರದಷ್ಟಿರಲಿಲ್ಲ.

ಅಳತೆಗೋಲಿನ ಗೊಂದಲ ಅತಿ ಹೆಚ್ಚು ಕಾಣಿಸಿದ್ದು ಹೇಮಂತ್ ಎಂ. ರಾವ್ ಅವರ ‘ಸಪ್ತ ಸಾಗರದಾಚೆ ಎಲ್ಲೋ’ ವಿಷಯದಲ್ಲಿ. 2023ರ ಸೆಪ್ಟೆಂಬರ್ 1ರಂದು ಮೊದಲ ಭಾಗ, ನವೆಂಬರ್ 17ರಂದು ಎರಡನೆಯದು ತೆರೆಕಂಡವು. ಮನೆ ಮಾಡಿಕೊಳ್ಳುವ ಆಸೆಯಿಂದ ಧಣಿಯ ಮಗನ ಅಪಘಾತದ ತಪ್ಪನ್ನು ತನ್ನ ಮೇಲೆ ಹಾಕಿಕೊಂಡು ಜೈಲು ಸೇರುವ ಚಾಲಕ ಮನು, ಹೊರಗೆ ಕಾಯುವ ಪ್ರಿಯಾ. ಚಿತ್ರ ನಿಧಾನ ಎಂಬ ದೂರು ಕೇಳಿಬಂತು. ನಿಜ, ನಿಧಾನವೇ. ಆದರೆ ಕಾಯುವಿಕೆಯೇ ಕಥೆಯಾದಾಗ ವೇಗ ತಂದರೆ ಉಳಿಯುವುದೇನು? ಜೈಲಿನ ಭೇಟಿಯ ಗದ್ದಲದಲ್ಲಿ ಇಬ್ಬರೂ ಮಾತಿಗಾಗಿ ತಡಕಾಡುವಾಗ ಪ್ರೇಕ್ಷಕನಿಗೆ ಆಗುವ ಅಸಹನೆ ಆ ಜೋಡಿಯದ್ದೇ ಅಸಹನೆ. ರುಕ್ಮಿಣಿ ವಸಂತ್ ಹೆಚ್ಚೇನೂ ಮಾತನಾಡದೆ ಅದನ್ನು ಮುಖದಲ್ಲಿ ಹಿಡಿದಿಟ್ಟಿದ್ದಾರೆ.

ಎರಡನೇ ಭಾಗದಲ್ಲಿ ಬಣ್ಣ ನೀಲಿಯಿಂದ ಕೆಂಪಿಗೆ ತಿರುಗುವಂತೆ ಪ್ರಕಾರವೂ ತಿರುಗುತ್ತದೆ. ಪ್ರೇಮಕಥೆ ಸೇಡಿನ ಕಥೆಯತ್ತ ವಾಲುತ್ತದೆ. ಬಿಡುಗಡೆಯಾಗಿ ಬಂದ ಮನು ಮದುವೆಯಾಗಿರುವ ಪ್ರಿಯಾಳನ್ನು ಅವಳಿಗೆ ತಿಳಿಯದಂತೆ ಹಿಂಬಾಲಿಸುವುದನ್ನು ಚಿತ್ರ ತುಸು ಹೆಚ್ಚೇ ಕರುಣೆಯಿಂದ ನೋಡುತ್ತದೆ. ಚಿತ್ರದ ನಿಜವಾದ ದೌರ್ಬಲ್ಯ ಇಲ್ಲಿದೆ, ನಿಧಾನಗತಿಯಲ್ಲಲ್ಲ.

ಹಾಸ್ಯದ ಮಾತು ಇನ್ನೂ ಕಠಿಣ, ನಗು ಬಂತೇ ಇಲ್ಲವೇ ಎಂಬಲ್ಲಿಗೆ ವಿಮರ್ಶೆ ಮುಗಿದುಹೋಗುತ್ತದೆ. 2023ರ ‘ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ’ ಒಂದೇ ರಾತ್ರಿಯ ಗಲಾಟೆಯನ್ನು ನಿಲ್ಲದ ಕ್ಯಾಮೆರಾದಲ್ಲಿ ಹಿಡಿದು ನಗಿಸಿತು; ಅದಕ್ಕಿಂತ ಹೆಚ್ಚಿನದನ್ನು ಅದು ಹೇಳಿಕೊಂಡಿರಲೂ ಇಲ್ಲ. 2025ರ ಜುಲೈ 25ರಂದು ಬಂದ ‘ಸು ಫ್ರಮ್ ಸೋ’ ಹಾಗಲ್ಲ. ದೊಡ್ಡ ತಾರೆಯಿಲ್ಲದ, ಜೆ.ಪಿ. ತುಮಿನಾಡು ನಿರ್ದೇಶಿಸಿ ನಟಿಸಿದ, ರಾಜ್ ಬಿ. ಶೆಟ್ಟಿ ನಿರ್ಮಾಣದ ಈ ಚಿತ್ರ ಬಿಡುಗಡೆಗೆ ಮೊದಲೇ ಹಲವು ಊರುಗಳಲ್ಲಿ ಪ್ರೀಮಿಯರ್ ಪ್ರದರ್ಶನ ನಡೆಸಿ, ನೋಡಿದವರ ಬಾಯಿಮಾತನ್ನೇ ಪ್ರಚಾರವಾಗಿಸಿಕೊಂಡಿತು. ಮಲಯಾಳ, ತೆಲುಗಿಗೂ ಡಬ್ ಆಯಿತು.

ಕರಾವಳಿಯ ಹಳ್ಳಿಯೊಂದರ ಯುವಕ ಅಶೋಕ ತನ್ನ ತಪ್ಪು ಮುಚ್ಚಿಕೊಳ್ಳಲು ದೆವ್ವ ಮೆಟ್ಟಿದವನಂತೆ ನಟಿಸುತ್ತಾನೆ. ಸೋಮೇಶ್ವರದ ಸುಲೋಚನಾ ಎಂಬಾಕೆಯೇ ಅವನ ಮೈಮೇಲೆ ಬಂದಿದ್ದಾಳೆಂದು ಊರು ನಂಬುತ್ತದೆ. ಇಲ್ಲಿ ನಗು ಹುಟ್ಟುವುದು ಊರಿನ ಭಯ, ಬಡಾಯಿ, ಪರಸ್ಪರ ನಂಟುಗಳಿಂದಲೇ. ಪಂಚಿಂಗ್ ಡೈಲಾಗ್‌ಗಳ ಹಂಗು ಕಡಿಮೆ. ಸುಲೋಚನಾಳ ಮಗಳು ಕಾಣಿಸಿಕೊಂಡ ಮೇಲೆ ಚಿತ್ರದ ಧಾಟಿ ಬದಲಾಗುತ್ತದೆ. ದ್ವಿತೀಯಾರ್ಧದಲ್ಲಿ ನಗು ಕಡಿಮೆ ಎಂದು ಗೊಣಗಿದವರು ಇದನ್ನು ಬರೀ ಹಾಸ್ಯಚಿತ್ರವೆಂದು ಅಳೆದರು. ಅಷ್ಟು ಹೊತ್ತು ಯಾರ ಹೆಸರು ಹೇಳಿ ನಗಿಸಲಾಯಿತೋ ಆಕೆಗೂ ಒಂದು ಬದುಕಿತ್ತು, ಕಷ್ಟದಲ್ಲಿರುವ ಮಗಳಿದ್ದಾಳೆ ಎಂದು ನೆನಪಿಸುವುದು ಚಿತ್ರದ ದಿಟ್ಟತನ. ಅಶೋಕನ ಮೂಲ ತಪ್ಪನ್ನು ಮಾತ್ರ ಕಥೆ ಸುಲಭವಾಗಿ ಮನ್ನಿಸಿಬಿಟ್ಟಿದೆ ಎನ್ನದೆ ವಿಧಿಯಿಲ್ಲ.

ಎಲ್ಲ ಚಿತ್ರಗಳಿಗೂ ಈ ಭಾಗ್ಯವಿಲ್ಲ. 2024ರ ಫೆಬ್ರವರಿಯಲ್ಲಿ ಬಂದ ಸಂದೀಪ್ ಸುಂಕದ್ ಅವರ ‘ಶಾಖಾಹಾರಿ’ಯಲ್ಲಿ ರಂಗಾಯಣ ರಘು ಮಲೆನಾಡಿನ ಸಣ್ಣ ಸಸ್ಯಾಹಾರಿ ಹೋಟೆಲೊಂದರ ಸುಬ್ಬಣ್ಣ. ಅಡುಗೆಮನೆಯಲ್ಲಿ ಅಡಗಿದ ರಹಸ್ಯವೇನೆಂದು ಪ್ರೇಕ್ಷಕನಿಗೆ ಬೇಗನೆ ಗೊತ್ತಾಗುತ್ತದೆ. ಕೊಲೆಗಾರನಾರೆಂಬ ಕುತೂಹಲವನ್ನೇ ಥ್ರಿಲ್ಲರ್ ಎಂದುಕೊಂಡವರಿಗೆ ಇದು ಸಪ್ಪೆಯೆನಿಸಬಹುದು. ಸಿಕ್ಕಿಬೀಳುವನೇ ಎಂಬ ಆತಂಕದಲ್ಲಿ ಸುಬ್ಬಣ್ಣನ ಕೈಗಳನ್ನೇ ನೋಡುತ್ತ ಕುಳಿತವರಿಗೆ, ಗೋಪಾಲಕೃಷ್ಣ ದೇಶಪಾಂಡೆ ಅವರ ದಣಿದ ಪೊಲೀಸ್ ಅಧಿಕಾರಿ ಹೋಟೆಲಿನೊಳಗೆ ಕಾಲಿಟ್ಟಾಗಲೆಲ್ಲ ಉಸಿರು ಬಿಗಿಯಾಗುತ್ತದೆ.