ದೂರದಿಂದ ಗಾಯ ನೋಡುವ ಬಗೆ

ಕೃಷಿಕಾರ್ಮಿಕರೊಬ್ಬರು ನಗರದ ಆಸ್ಪತ್ರೆಯಲ್ಲಿ ಹರ್ನಿಯಾ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಊರಿಗೆ ಮರಳಿದ್ದಾರೆಂದು ಭಾವಿಸಿ. ವಾರದ ನಂತರ ವೈದ್ಯರಿಗೆ ಗಾಯ ತೋರಿಸಬೇಕು. ಜೊತೆಗೊಬ್ಬರು ಬೇಕು, ಬಸ್ ಖರ್ಚಿನ ಮೇಲೆ ಇಬ್ಬರ ಒಂದು ದಿನದ ಕೂಲಿಯೂ ಹೋಗುತ್ತದೆ. ಪರೀಕ್ಷೆ ಮಾತ್ರ ಕೆಲವೇ ನಿಮಿಷಗಳದು. ಇದನ್ನು ದೂರದಿಂದಲೇ ಮಾಡಬಹುದೇ?

ದೂರವೈದ್ಯ, ಅಂದರೆ ಟೆಲಿಮೆಡಿಸಿನ್, ನಮ್ಮಲ್ಲಿ ಹೊಸದೇನಲ್ಲ. ಇಸ್ರೋದ ಟೆಲಿಮೆಡಿಸಿನ್ ಯೋಜನೆ 2001ರಲ್ಲಿ ಆರಂಭವಾಯಿತು. ಅದರ ಮೊದಮೊದಲ ಜಾಲಗಳಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯದೊಂದಿಗೆ ಉಪಗ್ರಹದ ಮೂಲಕ ಜೋಡಿಸಿದ್ದೂ ಒಂದು. ಭೂಸ್ಥಿರ ಉಪಗ್ರಹವು ಸುಮಾರು 36,000 ಕಿ.ಮೀ. ಎತ್ತರದಲ್ಲಿರುತ್ತದೆ. ಸಂಕೇತವು ಮೇಲೇರಿ ಕೆಳಗಿಳಿಯಲು ಸುಮಾರು 72,000 ಕಿ.ಮೀ. ಕ್ರಮಿಸಬೇಕು. ಬೆಳಕಿನ ವೇಗದಲ್ಲಿ ಇದಕ್ಕೆ ಕಾಲು ಸೆಕೆಂಡು. ಪ್ರಶ್ನೆ ಹೋಗಿ ಉತ್ತರ ಬರಲು ಅರ್ಧ ಸೆಕೆಂಡು. ಇಂದು ಮೊಬೈಲ್ ಕರೆಯಲ್ಲಿ ಅಷ್ಟು ವಿಳಂಬವೂ ಇರುವುದಿಲ್ಲ.

ಹಾಗಾದರೆ ತೊಡಕು ಎಲ್ಲಿದೆ? ತಲಪುವ ಮಾಹಿತಿಯಲ್ಲಿ. ನೋಟ ಮತ್ತು ಧ್ವನಿ ದೂರ ಸಾಗುತ್ತವೆ. ಗಾಯದ ಬಿಸಿ, ಗಡಸುತನ, ವಾಸನೆ ಸಾಗುವುದಿಲ್ಲ. ಬಣ್ಣವಂತೂ ಮೋಸ ಮಾಡಬಲ್ಲದು. ಕ್ಯಾಮೆರಾ ತಾನು ಊಹಿಸಿದ ಬೆಳಕಿಗೆ ತಕ್ಕಂತೆ ಬಣ್ಣಗಳನ್ನು ಹೊಂದಿಸುತ್ತದೆ. ಹಳದಿ ಬಲ್ಬಿನ ಕೆಳಗೆ ಈ ಊಹೆ ತಪ್ಪಿದರೆ ಸೋಂಕಿನ ಕೆಂಪು ಮರೆಯಾಗಬಹುದು, ಇಲ್ಲದ ಕೆಂಪು ಕಾಣಿಸಲೂಬಹುದು. ಆದ್ದರಿಂದ ಹಗಲು ಬೆಳಕಿನಲ್ಲಿ, ಗಾಯದ ಪಕ್ಕದಲ್ಲಿ ಬಿಳಿ ಕಾಗದ ಮತ್ತು ಅಳತೆಪಟ್ಟಿ ಇಟ್ಟು, ಪ್ರತಿ ಸಲವೂ ಒಂದೇ ದೂರದಿಂದ ಚಿತ್ರ ತೆಗೆಯಬೇಕು. ಕಪ್ಪು ಚರ್ಮದ ಮೇಲೆ ಕೆಂಪು ಸುಲಭವಾಗಿ ಕಾಣದು. ಊತ, ನೋವು ಮತ್ತು ಬಿಸಿಯನ್ನು ಕೇಳಿ ತಿಳಿಯಬೇಕು. ಥರ್ಮಾಮೀಟರು ರೋಗಿಯ ಮನೆಯಲ್ಲೇ ಇರಬೇಕು.

ಇಷ್ಟು ಪಾಲಿಸಿದರೆ ದೂರವೈದ್ಯಕ್ಕೆ ಒಂದು ಹೆಚ್ಚುಗಾರಿಕೆಯೂ ಇದೆ. ಗಾಯದ ಸೋಂಕು ಸಾಮಾನ್ಯವಾಗಿ 30 ದಿನಗಳೊಳಗೆ ಕಾಣಿಸಿಕೊಳ್ಳುತ್ತದೆ. ಏಳನೆಯ ದಿನ ಚೆನ್ನಾಗಿದ್ದ ಗಾಯ ಹತ್ತನೆಯ ದಿನ ಕೆಡಬಹುದು. ಒಂದೇ ಬಿಂದುವಿನಿಂದ ಆಲೇಖ ಎಳೆಯಲಾಗದು ಎಂಬುದು ನಿಮಗೆ ಗೊತ್ತು. ಹಲವು ದಿನಗಳ ಚಿತ್ರಗಳು ಗಾಯ ಮಾಯುತ್ತಿದೆಯೇ, ಕೆಡುತ್ತಿದೆಯೇ ಎಂಬ ದಿಕ್ಕನ್ನು ತೋರಿಸುತ್ತವೆ.

ಆದರೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ಜ್ವರ, ಕೀವು, ಹೆಚ್ಚುತ್ತಲೇ ಇರುವ ನೋವು, ಬಿಚ್ಚಿಕೊಂಡ ಹೊಲಿಗೆ, ನಿಲ್ಲದ ರಕ್ತಸ್ರಾವ, ಮೀನಖಂಡದ ಊತ, ಉಸಿರಾಟದ ತೊಂದರೆ – ಇವುಗಳಲ್ಲಿ ಯಾವುದೊಂದು ಕಂಡರೂ ಚಿತ್ರ ಕಳಿಸಿ ಉತ್ತರಕ್ಕಾಗಿ ಕಾಯಬಾರದು. ಕೂಡಲೇ ಆಸ್ಪತ್ರೆಗೆ ಹೋಗಬೇಕು. ದೂರದ ಪರೀಕ್ಷೆ ಸಾಕೇ, ರೋಗಿಯೇ ಬರಬೇಕೇ ಎಂದು ನಿರ್ಧರಿಸುವ ಹೊಣೆಯನ್ನು ಭಾರತದ 2020ರ ಟೆಲಿಮೆಡಿಸಿನ್ ಮಾರ್ಗಸೂಚಿಗಳು ವೈದ್ಯರಿಗೇ ವಹಿಸಿವೆ.

ತರಗತಿಯಲ್ಲಿ ಹೀಗೆ ಮಾಡಿ ನೋಡಿ. ಕೈಮೇಲೆ ಕುಂಕುಮವನ್ನು ತೆಳುವಾಗಿ ಸವರಿ, ಬಲ್ಬು, ಟ್ಯೂಬ್‌ಲೈಟು ಮತ್ತು ಹಗಲು ಬೆಳಕಿನಲ್ಲಿ ಚಿತ್ರ ತೆಗೆಯಿರಿ. ಒಮ್ಮೆ ಬಿಳಿ ಕಾಗದವಿಟ್ಟು, ಒಮ್ಮೆ ಇಡದೆ. ವೈದ್ಯರು ಯಾವ ಚಿತ್ರವನ್ನು ನಂಬಬಹುದು? ವಿದ್ಯಾರ್ಥಿಗಳೇ ಹೇಳಲಿ.